ಗಾಜಿನ ಮನೆಯ ಒಂದೇ ಬೆಚ್ಚಗಿನ ಗೋಡೆ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನೀನು, ಅತ್ತಿಗೆ, ಮಕ್ಕಳು ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಾನಿಲ್ಲಿ ಗಡಗಡ ಕ್ಷೇಮ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ಬೆರಳು ಸೆಟೆದುಕೊಂಡು ಅಕ್ಷರಗಳು ಡಾಕ್ಟರ ಚೀಟಿಯಂತಾದವು.

ಅಪ್ಪ ಕಟ್ಟಿದ ಈ ಮನೆ ಈಗ ಸಂರಕ್ಷಿತ ಕಟ್ಟಡ. ಅದರೊಳಗಿರುವ ನಾನು ಸಂರಕ್ಷಿತಳಲ್ಲ. ಚಪ್ಪಟೆ ಚಾವಣಿ, ಕಡ್ಡಿಯಂಥ ಕಬ್ಬಿಣದ ಚೌಕಟ್ಟು, ನೆಲದಿಂದ ಸೂರಿನವರೆಗೆ ಒಂದೇ ಪದರದ ಗಾಜು. ನೋಡಲು ಬಂದವರು ‘ಆಹಾ’ ಅನ್ನುತ್ತಾರೆ, ಕೋಟು ಮಾತ್ರ ಬಿಚ್ಚುವುದಿಲ್ಲ.

ಮನೆ ಬೆಚ್ಚಗಾಗಿಸುವ ದುರಸ್ತಿಗೆಂದು ಸಂರಕ್ಷಣಾ ಸಮಿತಿಯವರು ಸೋಮವಾರ ಬಂದಿದ್ದರು. ಎರಡು ಪದರದ ಗಾಜು ಹಾಕಿ ಅಂದೆ. ಅಧ್ಯಕ್ಷರು ಕಿವಿಗೆ ಕಾದ ಸೀಸ ಹೊಯ್ಸಿಕೊಂಡವರಂತೆ ನೋಡಿದರು.

“ಚೌಕಟ್ಟು ದಪ್ಪ ಆಗುತ್ತಲ್ಲಮ್ಮ! ಮನೆ ಮುಖವೇ ಕೆಡುತ್ತೆ.”

“ನನ್ನ ಮುಖ ಆಗಲೇ ಕೆಟ್ಟಿದೆ ಸ್ವಾಮಿ, ಮೂಗಿನ ಬಣ್ಣ ನೋಡಿ.”

ಕೊನೆಗೆ ಅವರ ಜೊತೆ ಬಂದಿದ್ದ ಎಂಜಿನಿಯರಮ್ಮ ದಾರಿ ತೋರಿಸಿದಳು: ಹಳೆಯ ಚೌಕಟ್ಟಿಗೇ ಕೂರುವ ತೆಳು ಜೋಡಿ ಗಾಜು, ಚಾವಣಿಯ ಮೇಲೆ ಶಾಖ ತಡೆಯುವ ಹಾಸು, ಅದೂ ಬೀದಿಗೆ ಕಾಣದಂತೆ ಅಂಚಿನಿಂದ ಹಿಂದಕ್ಕೆ. ಅಧ್ಯಕ್ಷರು ತಲೆದೂಗಿದರು. ಖುಷಿಗೆ ಚಹಾ ಕೊಟ್ಟೆ. ತುಟಿ ಮುಟ್ಟುವಷ್ಟರಲ್ಲಿ ಅದು ಆರಿತು.

ಆಮೇಲೆ ಅವಳು ಶಾಖ ತೋರಿಸುವ ಕ್ಯಾಮರಾ ಹಿಡಿದು ಒಳಗೆಲ್ಲ ಸುತ್ತಿದಳು. ಪರದೆಯ ಮೇಲೆ ಗೋಡೆಗೋಡೆಯೂ ನೀಲಿ. ಹಜಾರಕ್ಕೂ ನನ್ನ ಕೋಣೆಗೂ ನಡುವಿನ ಮರದ ಗೋಡೆಯೊಂದೇ ಬೆಚ್ಚನೆಯ ಕಿತ್ತಳೆ ಬಣ್ಣ. “ಒಳಗೆ ಉಣ್ಣೆ ತುಂಬಿದ್ದಾರೆ, ಎಷ್ಟು ಚೆನ್ನಾಗಿದೆ!” ಅಂದಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಇದು ಮೂಲ ನಕ್ಷೆಯಲ್ಲಿಲ್ಲ. ಆಮೇಲೆ ಸೇರಿಸಿದ್ದು. ಗಾಜು ಬೇಕಾದ್ರೆ ಇದು ಹೋಗ್ಬೇಕು. ನಿಮ್ಮಣ್ಣ ಆಗಲೇ ಒಪ್ಪಿದ್ದಾರಲ್ಲ!”

ಮನೆ ಬೆಚ್ಚಗಾಗಲೆಂದು ಬೆಚ್ಚಗಿರುವ ಗೋಡೆಯನ್ನೇ ಒಡೆಯುವುದು! ನೆಗಡಿ ಬಂತೆಂದು ಮೂಗು ಕೊಯ್ಯುವ ಈ ವೈದ್ಯಕ್ಕೆ ನೀನು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಬಿಟ್ಟೆ. ಅವತ್ತೇ ಫೋನು ಮಾಡಿದರೆ ಏನಂದೆ? “ಗೋಡೆ ಹೋದ್ರೆ ಹಜಾರ ಅಪ್ಪ ಬರೆದ ಹಾಗೇ ಉದ್ದಕ್ಕೆ ಕಾಣುತ್ತೆ ಕಣೇ, ಹಳೇ ಫೋಟೋ ನೋಡಿಲ್ವಾ?” ನೋಡಿದ್ದೇನಣ್ಣ. ಫೋಟೋಗೆ ಚಳಿಯಾಗುವುದಿಲ್ಲ. ಮನೆಯಲ್ಲಿ ಅರ್ಧ ಪಾಲು ನನ್ನದು, ನನ್ನ ಸಹಿ ಬೀಳುವುದಿಲ್ಲ. ಗಾಜು ಬಾರದಿದ್ದರೆ ಬೇಡ. ಕಂಬಳಿ ಹೊದ್ದು ನಾನೂ ಒಂದು ಸ್ಮಾರಕವಾಗಿ ಕೂರುತ್ತೇನೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳು ನೂರು ಚಳಿಗಾಲ ಸೀನದೆ ಬಾಳಲಿ.

ನಿನ್ನ ತಂಗಿ,
ಪುಟ್ಟಿ

ಮಡಿಸುವ ಮೊದಲು ಒಂದು ಮಾತು: ಆ ಗೋಡೆ ನಿಲ್ಲಿಸಿದ್ದು ಅಪ್ಪನೇ, ನಾನು ಹುಟ್ಟಿದ ವಾರ, ತೊಟ್ಟಿಲಿಗೆ ಚಳಿ ತಾಗದಿರಲೆಂದು. ಮೊಳೆ ಎತ್ತಿಕೊಟ್ಟವನು ನೀನೇ ಅಂತ ಅಮ್ಮ ಹೇಳುತ್ತಿದ್ದಳು. ಮೂಲ ನಕ್ಷೆಯಲ್ಲಿ ಅಪ್ಪ, ಅಮ್ಮ, ನೀನು, ಮೂವರಿಗೇ ಜಾಗ. ನನಗೆ ಜಾಗವಾದದ್ದು ಆ ಗೋಡೆಯಿಂದ. ಒಪ್ಪಿಗೆ ಕೊಡುವಾಗ ಅದೊಂದು ನೆನಪಾಗಲಿಲ್ಲವೇ ಅಣ್ಣ?