ಗೋಡೆಯ ಕಡೆ ಓಡುವ ಕುದುರೆಗಳು

೧೨ ಮಾರ್ಚ್, ಭಾನುವಾರ

ನನ್ನ ಮುದ್ದು ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಳ್ಳುತ್ತೇನೆ. ಬರೆಯುವುದು ತಡವಾಯಿತು, ಬೈಯಬೇಡ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಬಣ್ಣ ಸೇರಿಕೊಂಡು ಮುಟ್ಟಿದ ಕಾಗದವೆಲ್ಲ ಹಾಳಾಗುತ್ತಿತ್ತು. ಈ ಹಾಳೆಯ ಮೂಲೆಯಲ್ಲೂ ನನ್ನ ಹೆಬ್ಬೆಟ್ಟು ಬಿದ್ದಿದೆ, ಸಹಿ ಎಂದೇ ತಿಳಿ.

ಸುದ್ದಿ ಏನೆಂದರೆ, ಅಪ್ಪನ ಕ್ಷೌರದಂಗಡಿಯಲ್ಲಿದ್ದ ಪಿನ್‌ಬಾಲ್ ಯಂತ್ರಕ್ಕೆ ಹೊಸ ಬಣ್ಣ ಬಂದಿದೆ. ಸರದಿ ಕಾಯುವ ಗಿರಾಕಿಗಳಿಗೆಂದು ಅಪ್ಪ ತಂದಿಟ್ಟದ್ದು; ನೀನು ಅವರಿಗೆ ಬಿಟ್ಟುಕೊಟ್ಟರೆ ತಾನೆ! ಎರಡೂ ಪಕ್ಕದ ಗುಂಡಿ ಒತ್ತುತ್ತಾ ಚೆಂಡು ಕೆಳಗೆ ಜಾರದಂತೆ ಹೊತ್ತುಗಟ್ಟಲೆ ಆಡುತ್ತಿದ್ದೆ. ನಾನು ಅಪ್ಪಿತಪ್ಪಿ ಆಡಿ ಚೆಂಡು ಕಳೆದುಕೊಂಡರೆ ನೀನು ಊರಿಗೆಲ್ಲ ಕೇಳುವಂತೆ ನನ್ನನ್ನು ಬೈಯುತ್ತಿದ್ದೆ. ಅಂಗಡಿ ಮುಚ್ಚಿದ ಮೇಲೆ ಪಾಪ, ಅದು ನಮ್ಮ ಮನೆಯಲ್ಲಿ ಇಸ್ತ್ರಿ ಬಟ್ಟೆ ಹೊತ್ತುಕೊಂಡು ನಿಂತಿತ್ತು. ಆಸ್ಪತ್ರೆಯಿಂದ ಬಂದಮೇಲೆ ನೀನು ಒಮ್ಮೆಯೂ ಇತ್ತ ತಲೆ ಹಾಕಿಲ್ಲ. ಈ ಯಂತ್ರದ ನೆಪದಲ್ಲಾದರೂ ನಿನ್ನನ್ನು ಕರೆಸಿಕೊಳ್ಳಬೇಕೆಂಬುದು ನನ್ನ ಹುನ್ನಾರ. ಮುಚ್ಚುಮರೆ ಏಕೆ?

ಗಾಜು, ವೈರು, ಗಂಟೆ ಎಲ್ಲ ಬಿಚ್ಚಿ, ಕಾಲು ಕಳಚಿ, ಮರದ ಪೆಟ್ಟಿಗೆಯನ್ನು ಹಾಲಿನಲ್ಲಿ ಎರಡು ಕುರ್ಚಿಗಳ ಮೇಲೆ ಇಟ್ಟೆವು. ಅತ್ತೆ ಕೋಣೆಯಿಂದ ಬಂದವರೇ, "ಇದೇನೇ, ನಡುಮನೇಲಿ ಹೆಣ ಇಟ್ಟ ಹಾಗಿದೆ!" ಎಂದರು. ನಿನ್ನ ಭಾವ ಉಪ್ಪುಕಾಗದ ಹಿಡಿದು ಉಜ್ಜತೊಡಗಿದ ಮೇಲಂತೂ ಹಳೆ ಬಣ್ಣದ ಪುಡಿ ಹಾರಿ ಅವರ ಕನ್ನಡಕ, ಕಾಫಿ ಲೋಟ, ಕೂದಲು ಎಲ್ಲವೂ ನೀಲಿ. ಶಾಲೆಯ ಬಸ್ಸು ಓಡಿಸುವವರಿಗೆ ತಾಳ್ಮೆ ಜಾಸ್ತಿ ಎನ್ನುತ್ತಾರೆ. ಅದೆಲ್ಲ ಬಸ್ಸಿನಲ್ಲೇ ಖರ್ಚಾಗುತ್ತದೆ, ಮನೆಗೆ ಉಳಿಯುವುದಿಲ್ಲ.

ಹಳೆ ಬಣ್ಣ ಉಜ್ಜುವ ಮೊದಲೇ ಪೆಟ್ಟಿಗೆಯ ಎಡಪಕ್ಕದಲ್ಲಿದ್ದ ಕುದುರೆಗಳ ಚಿತ್ರದ ಗೆರೆ ಎತ್ತಿಕೊಂಡು ನಾನು ರಟ್ಟಿನಲ್ಲಿ ಅಚ್ಚು ಕತ್ತರಿಸಿಟ್ಟಿದ್ದೆ. ಅದನ್ನು ಒತ್ತಿ ಹಿಡಿದು ಕೆಂಪು ಸ್ಪ್ರೇ ಹೊಡೆಯುವುದು ಅವರ ಪಾಲು. ಎಡಪಕ್ಕ ಸೊಗಸಾಗಿ ಬಂತು. ಬಲಪಕ್ಕಕ್ಕೆ ರಟ್ಟನ್ನು ಮಗುಚಿ ಇಡಬೇಕಿತ್ತು. ಹಾಗೇ ಇಟ್ಟು ಹೊಡೆದರು. ತೆಗೆದು ನೋಡಿದರೆ ಎಡಗಡೆಯ ಕುದುರೆಗಳು ಆಡುವವರ ಕಡೆಗೆ, ಬಲಗಡೆಯವು ಗೋಡೆಯ ಕಡೆಗೆ!

"ನೀನು ಅಚ್ಚಿನ ಮೇಲೆ ಗುರುತು ಹಾಕಬೇಕಿತ್ತು" ಎಂದು ನನ್ನ ಮೇಲೇ ರೇಗಿದರು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ" ಎಂದೆ ನಾನು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ಜಗಳ ಯಾಕ್ರೋ? ಆ ಕಡೇವು ನೆಂಟರನ್ನ ಕರ್ಕೊಂಡು ಬರ್ತವೆ, ಈ ಕಡೇವು ವಾಪಸ್ ಬಿಟ್ಟು ಬರ್ತವೆ." ನಕ್ಕು ನಕ್ಕು ಹಾಗೇ ಬಿಟ್ಟೆವು.

ಒಂದು ಕಡೆ ಮಾತ್ರ ಅಂಗೈಯಗಲದ ಜಾಗಕ್ಕೆ ನಾನು ಮೊದಲೇ ಟೇಪು ಅಂಟಿಸಿದ್ದೆ. ಉಜ್ಜಲೂ ಬಿಡಲಿಲ್ಲ, ಬಳಿಯಲೂ ಬಿಡಲಿಲ್ಲ. "ಇಷ್ಟೆಲ್ಲ ಮಾಡಿ ಅಲ್ಲೊಂದು ತೇಪೆ ಯಾಕೆ?" ಎಂದು ನಿನ್ನ ಭಾವ ಗೊಣಗಿದರು. "ಅದು ನಾನು ನೋಡ್ಕೋತೀನಿ, ನೀವು ಸುಮ್ನಿರಿ" ಎಂದೆ. ನಿನ್ನೆ ಎಲ್ಲ ಮತ್ತೆ ಜೋಡಿಸಿ ಸ್ವಿಚ್ ಹಾಕಿದಾಗ ಗಂಟೆ ಬಾರಿಸಿತು ನೋಡು, ಅತ್ತೆ ಬಾಗಿಲು ತೆಗೆಯಲು ಎದ್ದು ಹೋದರು!

ಮುಂದಿನ ಭಾನುವಾರ ಬಾ. ಬರುವುದಿಲ್ಲ ಎಂದರೆ ನಿನ್ನ ಭಾವ ಬಸ್ಸನ್ನೇ ತಂದು ನಿನ್ನ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಾರಂತೆ. ನೂರು ಕಾಲ ತಣ್ಣಗೆ ಬಾಳು ನನ್ನಪ್ಪಾ.

ನಿನ್ನ,
ಅಕ್ಕ

ತಾ.ಕ.: ಟೇಪು ಅಂಟಿಸಿದ್ದು ಎಡಗುಂಡಿಯ ಪಕ್ಕಕ್ಕೆ. ನಿನ್ನ ಎಡ ಅಂಗೈ ತಾಗಿ ತಾಗಿ ಬಣ್ಣ ಸವೆದು ಮರ ನುಣ್ಣಗಾಗಿದೆಯಲ್ಲ, ಅಲ್ಲಿಗೆ. ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರ ಆ ಕೈಯನ್ನು ತೆಗೆದುಕೊಂಡಿತು. ಅದರ ಗುರುತನ್ನೂ ಅಳಿಸಲು ನನಗೆ ಮನಸ್ಸು ಬರಲಿಲ್ಲ. "ಒಂದು ಕೈಲಿ ಚಪ್ಪಾಳೆ ಆಗತ್ತೇನಕ್ಕಾ?" ಎಂದು ಆಸ್ಪತ್ರೆಯಲ್ಲಿ ನೀನು ಗೋಡೆಯ ಕಡೆ ಹೊರಳಿದಾಗ ನಾನು ನಿನ್ನ ಹೊದಿಕೆ ಸರಿಮಾಡಿ ಎದ್ದು ಬಂದುಬಿಟ್ಟೆ. ಇವತ್ತು ಬೆಳಿಗ್ಗೆ ಟೇಪು ಕಿತ್ತು ಅಲ್ಲಿ ನನ್ನ ಅಂಗೈ ಇಟ್ಟೆ, ಅಳು ಬಂತು. ಎರಡು ಕೈಯೂ ಒಬ್ಬರದೇ ಆಗಬೇಕೆಂದು ಯಾರೂ ಹೇಳಿಲ್ಲ ಕಣೋ. ಬಲಗುಂಡಿ ನೀನು ಒತ್ತು, ಎಡಗುಂಡಿ ನಾನು ಒತ್ತುತ್ತೇನೆ. ಚೆಂಡು ನನ್ನ ಕಡೆಯಿಂದ ಜಾರಿದರೆ ಮೊದಲಿನ ಹಾಗೇ ಬೈಯಿ.