ಕರೆ ಮುಗಿದ ಕಾರಣ

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಮೊಂಡಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ನಿಂತಲ್ಲೇ ಬ್ರೆಡ್ಡು ಕಚ್ಚಿ ದಿನ ತಳ್ಳುತ್ತಿದ್ದೀಯೋ? ನಾಲ್ಕು ತಿಂಗಳಿಂದ ನಾನು ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಇರುವವಳು ಒಬ್ಬಳೇ ಅಕ್ಕ, ನನ್ನ ಮೇಲೂ ಸಿಟ್ಟೇ ಎಂದು ಮೊದಲು ಬೇಜಾರಾಯಿತು. ಆಮೇಲೆ ತಿಳಿಯಿತು, ಫೋನ್ ಎಂದರೇನೇ ನಿನಗೆ ಆಗುತ್ತಿಲ್ಲ. ಅದಕ್ಕೇ ಈ ಕಾಗದ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದುವ ಕಷ್ಟ ನಿನಗೆ ಹೊಸದೇನಲ್ಲವಲ್ಲ.

ಅಮ್ಮ ಹೋದ ಮೇಲೆ ನೀನು ಬಂದು ಮೂರು ದಿನ ಇದ್ದೆ. ಬಾಯಿ ಬಿಟ್ಟಿದ್ದು ಹೊರಡುವಾಗ, ಟ್ಯಾಕ್ಸಿಯ ಬಾಗಿಲು ಹಿಡಿದುಕೊಂಡು. ಅಮ್ಮ ಬಿದ್ದ ದಿನ ಮಧ್ಯಾಹ್ನ ಅವಳು ಫೋನ್ ಮಾಡಿದ್ದಾಗ ನಿನ್ನ ಸಂಸಾರ ಮುರಿದ ಸುದ್ದಿ ಹೇಳಿದೆಯಂತೆ. ಅವಳು ಅತ್ತಳಂತೆ, ಬೈದಳಂತೆ, ಕೊನೆಗೆ "ನೀನು ನನ್ನ ಮಗ ಅಲ್ಲ" ಎಂದು ಫೋನ್ ಇಟ್ಟೇಬಿಟ್ಟಳಂತೆ. ಸಿಟ್ಟು ಇಳಿಯಲಿ ಎಂದು ನೀನು ಮತ್ತೆ ಮಾಡಲಿಲ್ಲ. ಸಂಜೆ ನಾನು ಕೆಲಸದಿಂದ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಿನಗೆ ರಜೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಮ್ಮನ ಕೊನೇ ಮಾತು ಅದೇ ಅಕ್ಕಾ" ಎಂದು ಹೇಳಿ ನೀನು ಬಾಗಿಲು ಹಾಕಿಕೊಂಡೆ.

ನನ್ನ ಕೆಲಸ ಏನೆಂದು ನೀನು ಎಂದೂ ಕೇಳಿದವನಲ್ಲ. "ಫೋನ್ ಕಂಪನೀಲಿ ಏನೋ ಮಾಡ್ತಾಳೆ" ಅಷ್ಟೇ ನಿನಗೆ. ಈಗ ಕೇಳು. ಮೊದಲೇ ದುಡ್ಡು ಹಾಕಿಸಿಕೊಂಡು ಮಾತಾಡುವ ಅಮ್ಮನಂಥವರ ಫೋನು ರಿಂಗ್ ಆಗುವ ಮುಂಚೆಯೇ ನಮ್ಮ ಕಂಪ್ಯೂಟರಿಗೆ ಒಂದು ಪ್ರಶ್ನೆ ಬರುತ್ತದೆ: ಇವರ ಹತ್ತಿರ ದುಡ್ಡಿದೆಯೇ? ಇದ್ದರೆ ಅದು ಪೂರ್ತಿ ಬಿಟ್ಟುಕೊಡುವುದಿಲ್ಲ. ಒಂದು ನಿಮಿಷದ ಮಾತಿಗೆ ಆಗುವಷ್ಟನ್ನು ಬೇರೆ ತೆಗೆದಿಟ್ಟು, ಮಾತಾಡಿ ಎನ್ನುತ್ತದೆ. ಆ ನಿಮಿಷ ತೀರುತ್ತಾ ಬಂದಾಗ ಮತ್ತೆ ಪ್ರಶ್ನೆ, ಮತ್ತೆ ಒಂದು ನಿಮಿಷ. ನಿನ್ನ ಹಾಗೆ ಪರದೇಶದಲ್ಲಿರುವವರಿಗೆ ಮಾಡಿದ ಕರೆಯಾದರೆ ದುಡ್ಡು ನೀರಿನ ಹಾಗೆ ಹರಿಯುತ್ತದೆ. ಕೊನೆಯ ಚೂರೂ ಮುಗಿದ ಕ್ಷಣ, ಮಾತು ಎಲ್ಲಿದ್ದರೆ ಅಲ್ಲಿಗೇ ಕಡಿ ಎಂದು ಆಜ್ಞೆ ಹೋಗುತ್ತದೆ. ಒಂಬತ್ತು ವರ್ಷದಿಂದ ನಾನು ಕಾಯುತ್ತಿದ್ದದ್ದು ಈ ಯಂತ್ರವನ್ನೇ. ಅದು ತಪ್ಪು ಮಾಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಪ್ರತಿ ಕರೆಗೂ ಅಲ್ಲಿ ಒಂದು ದಾಖಲೆ ಉಳಿಯುತ್ತದೆ: ಯಾವಾಗ ಶುರುವಾಯಿತು, ಎಷ್ಟು ಹೊತ್ತು, ಮುಗಿದ ಕಾರಣವೇನು. ಗಿರಾಕಿ ದೂರು ಕೊಡದೆ ನಾವು ಅದನ್ನು ತೆರೆಯುವಂತಿಲ್ಲ. ನೀನು ಹೋದ ಮರುವಾರ ನಾನು ತೆರೆದೆ. ಅಮ್ಮನ ನಂಬರನ್ನು ಎರಡು ಸಲ ತಪ್ಪು ಒತ್ತಿದೆ. ಅಮ್ಮನೇ ಫೋನ್ ಇಟ್ಟಿದ್ದರೆ 'ಕರೆ ಮಾಡಿದವರು ಮುಗಿಸಿದರು' ಎಂದಿರಬೇಕಿತ್ತು. ಅಲ್ಲಿದ್ದದ್ದು 'ಹಣ ಮುಗಿದಿದೆ' ಎಂದು. ಅಮ್ಮ ಫೋನ್ ಇಡಲಿಲ್ಲ ಕಣೋ. ಕಡಿದದ್ದು ನಾವು. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಮೂರು ಇಪ್ಪತ್ತಮೂರಕ್ಕೆ ನಿನ್ನ ನಂಬರು, ಇಪ್ಪತ್ತನಾಲ್ಕಕ್ಕೆ ಎರಡು ಸಲ ನಿನ್ನ ನಂಬರು, ಮೂವತ್ತೊಂದಕ್ಕೆ ಮತ್ತೆ ನಿನ್ನದೇ. ನಾಲ್ಕಕ್ಕೂ 'ನಿರಾಕರಿಸಲಾಗಿದೆ'. ಮಗ ಅಲ್ಲ ಎಂದು ಕೈ ತೊಳೆದುಕೊಂಡವಳು ನಾಲ್ಕು ಸಲ ಯಾಕೆ ಮಾಡುತ್ತಾಳೆ?

ಒಂದು ಕೇಳುತ್ತೇನೆ, ಸಮಾಧಾನವಾಗಿ ನೆನಪು ಮಾಡಿಕೋ. 'ಅಲ್ಲ' ಎಂದು ನೀನು ಪೂರ್ತಿ ಕೇಳಿದೆಯಾ? ಇಲ್ಲ, 'ಅಲ್' ಎಂದಷ್ಟೇ ಕೇಳಿ ಉಳಿದದ್ದನ್ನು ನೀನೇ ತುಂಬಿಕೊಂಡೆಯಾ? ಗಣಿತದಲ್ಲಿ ಡುಮ್ಕಿ ಹೊಡೆದು ಮಂಚದ ಕೆಳಗೆ ಅಡಗಿದ್ದೆಯಲ್ಲ, ಆಗ ಅಮ್ಮ ಬಗ್ಗಿ ನಿನ್ನ ಕಾಲು ಹಿಡಿದೆಳೆದು, "ನೀನು ನನ್ನ ಮಗ ಅಲ್ವೇನೋ, ಬಾ ಈಚೆಗೆ" ಅಂದಿದ್ದಳು. ಅವತ್ತು ಫೋನಿನಲ್ಲಿ ಹೇಳಹೊರಟದ್ದೂ ಅದೇ ಎಂದು ನಾನು ಆಣೆ ಮಾಡಲಾರೆ. ಮಾತುಗಳನ್ನು ಯಾವ ಯಂತ್ರವೂ ಬರೆದಿಟ್ಟುಕೊಂಡಿಲ್ಲ. ನನಗೆ ಗೊತ್ತಿರುವುದು ಆ ನಾಲ್ಕು ಸಾಲು ಮಾತ್ರ.

ಯಾರು ಏನು ತೆರೆದರೆಂಬುದೂ ಅಲ್ಲಿ ದಾಖಲಾಗುತ್ತದೆ. ಮೇಲಿನವರು ಕರೆಸಿ, "ಯಾರ ನಂಬರಮ್ಮ ಇದು?" ಎಂದರು. "ನಮ್ಮಮ್ಮನದು ಸಾರ್" ಎಂದೆ. ತುಂಬ ಹೊತ್ತು ಕನ್ನಡಕ ಒರೆಸಿಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಈಗ ನಾನು ನೆಲಮಾಳಿಗೆಯ ಉಗ್ರಾಣದಲ್ಲಿದ್ದೇನೆ, ಸಿಮ್ ಕಾರ್ಡಿನ ಡಬ್ಬಗಳಿಗೆ ಚೀಟಿ ಅಂಟಿಸುತ್ತಾ. ಕಿಟಕಿಯಿಲ್ಲ, ಮಾತಿಗೆ ಜನವೂ ಇಲ್ಲ. ಪಶ್ಚಾತ್ತಾಪವೂ ಇಲ್ಲ.

ಮೈ ಕಡೆ ಗಮನವಿರಲಿ. ನೀನು ಎಲ್ಲೇ ಇರು, ಒಳ್ಳೆಯದಾಗಲಿ ನಿನಗೆ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅಮ್ಮ, "ಫೋನಿಗೆ ದುಡ್ಡು ಹಾಕ್ಸೇ, ಅವನ ಹತ್ರ ಮಾತಾಡ್ಬೇಕು" ಅಂದಳು. "ಸಂಜೆ ಹಾಕ್ತೀನಿ ಬಿಡು, ಏನೀಗ ಅವಸರ" ಅಂದೆ. ಆಫೀಸಿನಲ್ಲಿ ಕೂತ ಕುರ್ಚಿಯಿಂದಲೇ ಹಾಕಬಹುದಿತ್ತು ಕಣೋ, ಒಂದು ನಿಮಿಷದ ಕೆಲಸ. ನಿನ್ನನ್ನು ನೀನು ಬೈದುಕೊಳ್ಳುವುದು ಸಾಕು. ಬೈಯಲೇಬೇಕಿದ್ದರೆ ನನ್ನನ್ನು ಬೈ.