ಜತೆಗಿಟ್ಟ ಇಂಗ್ಲಿಷ್ ಹಾಳೆ

ಕಾಪು, ಸೋಮವಾರ

ದೀಕ್ಷಿತಾ ಟೀಚರಿಗೆ ಮುರ್ಶಿದಾಳ ಸಲಾಂ.

ಇನ್ನು ನಾಲ್ಕು ತಿಂಗಳು ಹತ್ತು ದಿನ ನಾನು ಇಂಗ್ಲಿಷ್ ಕ್ಲಾಸಿಗೆ ಬರುವುದಿಲ್ಲ. ಗಂಡ ತೀರಿಕೊಂಡರೆ ಹೆಂಡತಿ ಅಷ್ಟು ದಿನ ಮನೆಯೊಳಗೇ ಇರುವುದು ನಮ್ಮಲ್ಲಿ ಕ್ರಮ. ಬೆಂಚಿನಲ್ಲಿ ನನ್ನ ಜಾಗವನ್ನು ಬೇರೆಯವರಿಗೆ ಕೊಡಿ.

ಪಕ್ಷವಾತದಿಂದ ಮಾತು ನಿಂತು ಇವರು ಸೌದಿಯ ದಮ್ಮಾಮಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನ್ನ ಫೋನ್ ಎತ್ತುತ್ತಿದ್ದವಳು ಇಂಡೋನೇಷ್ಯಾದ ನರ್ಸ್ ನೂರ್‌ಐನಿ ಒಬ್ಬಳೇ. ಅವಳೊಡನೆ ಮಾತನಾಡಲೆಂದೇ ನಾನು ನಿಮ್ಮಲ್ಲಿಗೆ ಬಂದದ್ದು. ‘ಈಟ್’ ಎಲ್ಲಿ, ‘ಏಟ್’ ಎಲ್ಲಿ ಎಂದು ನೀವು ಎಷ್ಟು ಹೇಳಿಕೊಟ್ಟರೂ ಫೋನ್ ಹಿಡಿದ ಕೂಡಲೇ ಎಲ್ಲ ಕಲಸಿಹೋಗುತ್ತಿತ್ತು. ಅವಳದ್ದೂ ಅದೇ ಕಥೆ.

“ಯೆಸ್ಟರ್‌ಡೇ ಹೀ ಈಟ್?” ಎಂದು ನಾನು ಕೇಳುತ್ತಿದ್ದೆ.

“ಹೀ ಈಟಿಂಗ್ ಯೆಸ್ಟರ್‌ಡೇ, ಟೂ ಸ್ಪೂನ್” ಎನ್ನುತ್ತಿದ್ದಳು.

ನಾದಿನಿ ನಗುತ್ತಿದ್ದಳು. ನನಗೆ ಆ ಎರಡು ಚಮಚ ಗಂಜಿ ಸಾಕಿತ್ತು.

ಹೋದ ಬುಧವಾರ ಅವಳೇ ಫೋನ್ ಮಾಡಿದಳು. ಇಂಗ್ಲಿಷ್ ಮಾತನಾಡಲಿಲ್ಲ. ಸಾವಿನ ಸುದ್ದಿ ಕೇಳಿದಾಗ ನಾವು ಹೇಳುವ ಅರಬಿ ಮಾತನ್ನು ಮಾತ್ರ ಹೇಳಿದಳು. ಅದು ಅರ್ಥವಾಗಲು ನನಗೆ ಕ್ಲಾಸು ಬೇಕಿರಲಿಲ್ಲ.

ಒಂದು ಉಪಕಾರ ಮಾಡಬೇಕು. ಜತೆಗಿಟ್ಟ ಹಾಳೆಯಲ್ಲಿ ಅವಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿದ್ದೇನೆ. ವಿಳಾಸ ಮಾತ್ರ ನೀವು ಚಂದ ಮಾಡಿ ಬರೆದು ಅಂಚೆಗೆ ಹಾಕಿ. ಕ್ರಿಯಾಪದಗಳನ್ನು ತಿದ್ದಬೇಡಿ ಟೀಚರ್. ತಿದ್ದಿದರೆ ಅದು ನಾನು ಬರೆದದ್ದೆಂದು ಅವಳಿಗೆ ಗೊತ್ತಾಗಲಿಕ್ಕಿಲ್ಲ.

ನಿಮ್ಮ ಕೊನೆಯ ಬೆಂಚಿನ
ಮುರ್ಶಿದಾ